ತಂಪಿನ ಮುಯ್ಯಿ

ಕಲಬುರಗಿಯ ಹತ್ತಿ ಗಿರಣಿ ಓಣಿಯಲ್ಲಿ ಆ ವರ್ಷ ಮೇ ತಿಂಗಳ ಮಟಮಟ ಮಧ್ಯಾಹ್ನ ಯಾರೋ ಮನೆಯೊಳಗೆ ಶಾಲು ಹೊದ್ದು ಕೂತಿದ್ದಾರೆ ಎಂದರೆ ಅದು ಕಾಶಮ್ಮನೇ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಹೊರಗೆ ನಲವತ್ತೊಂಬತ್ತು ಡಿಗ್ರಿ. ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು, ನಾಯಿಗಳು ಗಟಾರದೊಳಗಿಂದ ತಲೆ ಎತ್ತುತ್ತಿರಲಿಲ್ಲ. ಒಳಗೆ ಇಪ್ಪತ್ತೇಳು. "ಇದು ಮನಿಯೋ ಬಾವಿಯೋ ತಿಳಿವಲ್ದು" ಎಂದು ಕಾಶಮ್ಮ ಗೊಣಗುತ್ತಿದ್ದಳು. ಬೇರೆ ಓಣಿಯವರು ಬಂದರೆ ಮಾತ್ರ ಆ ಗೊಣಗಾಟವೆಲ್ಲ ಮಾಯವಾಗಿ, "ನಮ್ಮ ಸೊಸಿ ಕೂಡಿಸಿದ್ದು" ಎಂದು ಛಾವಣಿಯ ಕಡೆ ಬೆರಳು ತೋರಿಸಿ ಎದೆಯುಬ್ಬಿಸುತ್ತಿದ್ದಳು.

ಕೂಡಿಸಿದ್ದು ಎಂದರೆ ತಂಪುಹಾಸು. ಓಣಿಯ ತೊಂಬತ್ತಾರು ಮಾಳಿಗೆಗಳ ಮೇಲೂ ಬೆಳ್ಳಗೆ ಹೊಳೆಯುವ, ಕಾಗದದಷ್ಟೇ ತೆಳುವಾದ ಒಂದು ಹಾಳೆ. ಅದರ ಹೂರಣ ಬಹಳ ಸರಳ. ಬಿಸಿಯಾದ ಯಾವ ವಸ್ತುವಾದರೂ ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಶಾಖವನ್ನು ಹೊರಗೆ ಬಿಡುತ್ತದೆ. ಹೆಚ್ಚಿನ ಪಾಲನ್ನು ಗಾಳಿ ತಡೆದು ನಮಗೇ ವಾಪಸು ಕೊಡುತ್ತದೆ. ಆದರೆ ಗಾಳಿಗೆ ತಡೆಯಲಾಗದ ಒಂದು ಜಾತಿಯ ಕಿರಣವಿದೆ. ಅದು ನೆಟ್ಟಗೆ ಆಕಾಶ ದಾಟಿ ಆಚೆಯ ಕೊರೆಯುವ ಕತ್ತಲಿಗೆ ಹೋಗಿಬಿಡುತ್ತದೆ. ತಂಪುಹಾಸು ಬಿಸಿಲನ್ನು ಕನ್ನಡಿಯಂತೆ ತಿರುಗಿಸಿ, ಮನೆಯ ಶಾಖವನ್ನೆಲ್ಲ ಆ ಒಂದೇ ಜಾತಿಯ ಕಿರಣವಾಗಿಸಿ ಮೇಲಕ್ಕೆ ಅಟ್ಟುತ್ತಿತ್ತು. ಹಾಸಿನ ಕೆಳಗೆ ಸಣ್ಣ ಕೊಳವೆಗಳಲ್ಲಿ ನೀರು. ರಾತ್ರಿಯೆಲ್ಲ ತಣ್ಣಗಾದ ಆ ನೀರು ಮನೆಯ ಟಾಕಿಯಲ್ಲಿ ನಿಂತು, ಮರುದಿನ ಗೋಡೆಗಳಲ್ಲಿ ಸುತ್ತಾಡಿ ಮನೆಯನ್ನು ತಂಪಾಗಿಡುತ್ತಿತ್ತು. ಕರೆಂಟು ಬೇಕಾದದ್ದು ಒಂದು ಬಲ್ಬಿನಷ್ಟು.

ಆದರೆ ಇದು ಇನ್ನೂ ಪ್ರಯೋಗ. ಮೇಲಿನ ಕಚೇರಿಯವರು ಹಾಕಿದ ಕರಾರು ಒಂದೇ: ಮೇ ತಿಂಗಳಿಡೀ ಯಾವ ಮನೆಯ ಒಳಗೂ ಉಷ್ಣಾಂಶ ಮೂವತ್ತೊಂದು ದಾಟಬಾರದು. ಮೂರು ಸಲ ದಾಟಿತೋ, ಹಾಸು ಬಿಚ್ಚಿಕೊಂಡು ಬೇರೆ ಊರಿಗೆ. ಹಾಸು ಹೋದರೆ ಏನಾಗುತ್ತದೆಂದು ಓಣಿಯವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಮಧ್ಯಾಹ್ನ ಮಲಗಿದ ಇಬ್ಬರು ಮುದುಕರು ಸಂಜೆ ಏಳಲೇ ಇಲ್ಲ. ಅದೇ ವಾರ ಕಾಶಮ್ಮ ಮಾಳಿಗೆಯ ಮೇಲೆ ತಲೆ ತಿರುಗಿ ಬಿದ್ದು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಸೊಸೆ ಜಗದೇವಿ ಆ ಒಂಬತ್ತೂ ದಿನ ಹಾಸಿಗೆಯ ಪಕ್ಕ ಕೂತು, ಈ ಪ್ರಯೋಗ ನಮ್ಮ ಓಣಿಗೇ ಬರಬೇಕೆಂದು ಅರ್ಜಿಯ ಮೇಲೆ ಅರ್ಜಿ ಬರೆದಿದ್ದಳು. ಬಂತು. ಅವಳೇ ಅದರ ಕಿರಿಯ ಎಂಜಿನಿಯರ್ ಆದಳು.

ಈಗ ಎರಡು ಸಲ ದಾಟಿಯಾಗಿತ್ತು. ತಿಂಗಳಲ್ಲಿ ಇನ್ನೂ ಒಂಬತ್ತು ದಿನ ಉಳಿದಿತ್ತು.

ನಿಯಂತ್ರಣ ಕೊಠಡಿ ಇದ್ದದ್ದು ಮುಚ್ಚಿಹೋದ ಗಿರಣಿಯ ಹಳೆಯ ಕಚೇರಿಯಲ್ಲಿ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ತೊಂಬತ್ತಾರು ಚೌಕಗಳು. ಒಂದೊಂದು ಚೌಕ ಒಂದೊಂದು ಮಾಳಿಗೆ. ಎಲ್ಲ ನೀಲಿ ಇರಬೇಕು. ಆದರೆ ಹದಿನಾಲ್ಕು ದಿನದಿಂದ ಬೆಳಿಗ್ಗೆ ಹತ್ತಾಯಿತೆಂದರೆ ಆರು ಚೌಕಗಳು ಕೆಂಪಗಾಗುತ್ತಿದ್ದವು, ನಾಲ್ಕಕ್ಕೆ ಮತ್ತೆ ನೀಲಿಗೆ ತಿರುಗುತ್ತಿದ್ದವು. ಮರುದಿನ ಬೇರೆ ಆರು. ಬಿಸಿಯುಂಡ ಮಾಳಿಗೆ ರಾತ್ರಿಯಿಡೀ ಕಾವು ಬಿಡುತ್ತಿದ್ದರಿಂದ ಆ ಮನೆಯ ಟಾಕಿ ಸರಿಯಾಗಿ ತಣಿಯುತ್ತಿರಲಿಲ್ಲ. ಪೆಟ್ಟು ಬೀಳುತ್ತಿದ್ದದ್ದು ಮಾರನೇ ಮಧ್ಯಾಹ್ನ.

ಹಿರಿಯ ಅಧಿಕಾರಿ ಗುಂಡೇರಾವ್ ಕುಲಕರ್ಣಿಯವರು ಇದಕ್ಕೊಂದು ಸಿದ್ಧಾಂತ ಕಟ್ಟಿದ್ದರು. "ಹಾಸಿನ ಮ್ಯಾಲ ಚರ್ಮರೋಗ ಬಂದದರಿ ಜಗದೇವಿಯವರ. ಸಿಬ್ಬು ಹತ್ತಿದಂಗ. ಇವತ್ತು ಒಂದು ಕಡೆ, ನಾಳೆ ಒಂದು ಕಡೆ."

"ನಾಲ್ಕು ಗಂಟೆಗೆ ಆರಾಮಾಗೋ ರೋಗ ಯಾವುದು ಸರ್?"

"ಅದನ್ನೇ ಸಂಶೋಧನಾ ಮಾಡ್ಲಾಕತ್ತೀನಿ" ಎಂದು ಅವರು ಗಂಭೀರವಾಗಿ ನಾಲ್ಕನೇ ಕಪ್ ಚಹಾ ತರಿಸಿದರು.

ಮಾಳಿಗೆಗಳಿಗೆ ಕ್ಯಾಮೆರಾ ಇರಲಿಲ್ಲ. ಹೆಣ್ಣುಮಕ್ಕಳು ತಲೆ ಆರಿಸಿಕೊಳ್ಳುವ ಜಾಗಕ್ಕೆ ಕ್ಯಾಮೆರಾ ಕೂಡದೆಂದು ಓಣಿಯವರು ಮೊದಲ ಸಭೆಯಲ್ಲೇ ಕಡ್ಡಿ ಮುರಿದಂತೆ ಹೇಳಿದ್ದರು. ಗುಂಡೇರಾಯರು ಮೂರು ಸಲ ಖುದ್ದಾಗಿ ಹೋಗಿ ನೋಡಿ ಬಂದಿದ್ದರು. ಆದರೆ ಅವರು ಹೋಗುತ್ತಿದ್ದದ್ದು ಬಿಸಿಲು ಇಳಿದು ಐದಾದ ಮೇಲೆ. ಮೂರೂ ಸಲ ಹಾಸು ಥಳಥಳ ಹೊಳೆಯುತ್ತಿತ್ತು, ಮೂರೂ ಸಲ ಮನೆಯವರು ಅವರನ್ನು ಕೂರಿಸಿ ಒಗ್ಗರಣೆ ಹಾಕಿದ ಮಜ್ಜಿಗೆ ಕೊಟ್ಟು ಕಳಿಸಿದ್ದರು. ಅಷ್ಟು ಒಳ್ಳೆಯ ಜನರ ಮೇಲೆ ಅನುಮಾನ ಪಡುವುದು ಯಾರಿಗೆ ತಾನೇ ಹೊಳೆದೀತು?

ಇಪ್ಪತ್ತೆರಡನೇ ತಾರೀಖು ಹೊರಗಿನ ಉಷ್ಣಾಂಶ ಐವತ್ತೊಂದಕ್ಕೆ ಏರಿತು. ಜಗದೇವಿಯ ಗಂಡ ಬೀದರಿನಲ್ಲಿ ಬ್ಯಾಂಕಿನ ಗುಮಾಸ್ತ, ಶನಿವಾರಕ್ಕೊಮ್ಮೆ ಬರುವವನು. ಅಲ್ಲಿಂದಲೇ ಫೋನು ಮಾಡಿ "ಹೊರಗ ಹೋಗಬ್ಯಾಡ" ಎಂದಿದ್ದ. ಅವಳು ಕೊಠಡಿಯಲ್ಲೇ ಊಟದ ಡಬ್ಬಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಮೇಲೊಂದಿಷ್ಟು ಓಣಿಯವರ ಮನೆಯಿಂದ ಬಂದ ಹಪ್ಪಳ, ಕರಿದದ್ದು. ಗುಂಡೇರಾಯರು ಕೇಳುವ ಮೊದಲೇ ಕೈ ಹಾಕಿದರು.

"ಆಹಾ, ಹೊಸಾ ಹಪ್ಪಳ! ಈ ವರ್ಷದ್ದಲ್ಲೇನ್ರಿ?" ಎಂದು ಕಟುಮ್ ಎಂದು ಕಡಿದು, "ನಮ್ಮ ಫ್ಲಾಟಿನಾಗ ಒಣಗಿಸಲಾಕ ಜಾಗಾನೇ ಇಲ್ಲಂತ ನಮ್ಮಾಕಿ ದಿನಾ ಜಗಳ. ನೀವು ಎಲ್ಲಿ ಒಣಗಿಸಿದ್ರಿ?" ಎಂದು ಕೇಳಿದರು.

ಎಲ್ಲಿ ಒಣಗಿಸಿದರು? ಜಗದೇವಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಗಾಳಿಗಿಂತ ಎಂಟು ಡಿಗ್ರಿ ತಣ್ಣಗಿರುವ ಹಾಸಿನ ಮೇಲೆ ಹಪ್ಪಳ ಒಣಗುವುದು ಸಾಧ್ಯವೇ ಇರಲಿಲ್ಲ. ಬೆಳಗಿನ ಜಾವ ಅದರ ಮೇಲೆ ತೇವ ಬೇರೆ ಕೂರುತ್ತಿತ್ತು. ಅವಳು ಎದ್ದು ಪರದೆಯ ಮುಂದೆ ನಿಂತಳು. ಮೊದಲ ದಿನ ಕೆಂಪಗಾದ ಮನೆಗಳು ಹದಿನಾಲ್ಕು, ಏಳು, ಅರವತ್ತಮೂರು, ಎಂಬತ್ತು, ಇಪ್ಪತ್ತೆಂಟು, ತೊಂಬತ್ತೊಂದು. ಸಂಖ್ಯೆಗಳಾಗಿ ನೋಡಿದರೆ ತಲೆಬುಡವಿಲ್ಲ. ಮನೆಯವರ ಹೆಸರುಗಳಾಗಿ ನೋಡಿದರೆ? ಗುರುಬಾಯಿ, ನೀಲಗಂಗಮ್ಮ, ಹುಸೇನಬಿ...

ಆ ಪಟ್ಟಿ ಅವಳಿಗೆ ಗೊತ್ತಿತ್ತು. ಗೊತ್ತಿತ್ತೇನು, ಯುಗಾದಿಯ ಮರುದಿನ ಅತ್ತೆ ಪಕ್ಕದಲ್ಲಿ ಕೂತು ಹೇಳಿದಂತೆ ಕಾಗದಕ್ಕೆ ಇಳಿಸಿದವಳೇ ಅವಳು! ಅದು ಮುಯ್ಯಿಯ ಪಟ್ಟಿ. ಬೇಸಿಗೆ ಬಂದರೆ ಓಣಿಯ ಹೆಂಗಸರು ಆರು ಗುಂಪು ಕಟ್ಟಿಕೊಂಡು ದಿನಕ್ಕೊಂದು ಮನೆಯಂತೆ ಎಲ್ಲರೂ ಕೂಡಿ ಶಾವಿಗೆ ಹೊಸೆದು, ಹಪ್ಪಳ ಲಟ್ಟಿಸಿ, ಸಂಡಿಗೆ ಇಡುತ್ತಾರೆ. ಇವತ್ತು ನೀವು ನಮ್ಮ ಮನೆಗೆ, ನಾಳೆ ನಾವು ನಿಮ್ಮ ಮನೆಗೆ. ಆರು ಗುಂಪು, ದಿನಕ್ಕೆ ಆರು ಮನೆ, ಹದಿನಾರು ದಿನ. ಗುಂಡೇರಾಯರ ಚರ್ಮರೋಗದ ಲೆಕ್ಕ ಎಳ್ಳಷ್ಟೂ ತಪ್ಪದೆ ಕೂಡಿಬಂತು.

ಇವತ್ತಿನ ಆರರಲ್ಲಿ ನಲವತ್ತೊಂದೂ ಇತ್ತು. ಅದು ಅವಳ ಸ್ವಂತ ಮನೆ.

ಸ್ಕೂಟರಿನ ಮೇಲೆ ನಾಲ್ಕು ನಿಮಿಷದ ದಾರಿ. ಮನೆ ಮುಟ್ಟುವಷ್ಟರಲ್ಲಿ ಜಗದೇವಿಯ ಮುಖ ಮೆಣಸಿನಕಾಯಿಯಾಗಿತ್ತು. ನೇರ ಮಾಳಿಗೆ ಹತ್ತಿದಳು. ಹಾಸಿನ ಒಂದು ಅಂಗುಲವೂ ಕಾಣದಂತೆ ಕರಿ ಕಂಬಳಿಗಳು, ಅವುಗಳ ಮೇಲೆ ಹಳೆಯ ಸೀರೆ, ಸೀರೆಯ ಮೇಲೆ ಸಾಲುಸಾಲಾಗಿ ಅಕ್ಕಿ ಸಂಡಿಗೆ. ಒಂದನ್ನು ಎತ್ತಿ ಮುರಿದಳು. ಪಟ್ ಎಂದಿತು. ಒಣಗಿದ್ದಕ್ಕೆ ನೂರಕ್ಕೆ ನೂರು ಅಂಕ ಕೊಡಬಹುದಿತ್ತು.

ಕೆಳಗೆ ಪಡಸಾಲೆಯ ತಂಪಿನಲ್ಲಿ ಹದಿನಾರು ಹೆಂಗಸರು ಶಾವಿಗೆ ಮಣೆಗಳ ಮುಂದೆ ಕೂತು ನಗುತ್ತಾ ಹೊಸೆಯುತ್ತಿದ್ದರು. ಸೊಸೆಯನ್ನು ಬಾಗಿಲಲ್ಲಿ ಕಂಡದ್ದೇ ನಗು ಗಪ್ಪಾಯಿತು. ಕಾಶಮ್ಮ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು.

"ಅತ್ತಿ, ಮ್ಯಾಲ ಏನ್ರಿ ಅದು?"

"ಕಂಬಳಿ" ಎಂದಳು ಕಾಶಮ್ಮ, ಯಾರೋ ಹೆಸರು ಕೇಳಿದವರಿಗೆ ಹೇಳುವಂತೆ. "ನಿನ್ನ ಹಾಸಿನ ಮ್ಯಾಲ ಸಂಡಿಗಿ ಒಣಗಂಗಿಲ್ಲವ್ವ. ಗುರುಬಾಯಿ ಮೊದಲ ಒಂದು ಹಿಡಿ ಇಟ್ಟು ಮೂರು ದಿನ ನೋಡಿದ್ಳು. ನಾಕನೇ ದಿನ ಬೂಷ್ಟು ಹಿಡೀತು. ಇಂಥಾ ಬಿಸಲಾಗ ಬೂಷ್ಟು! ನಮ್ಮ ವಂಶದಾಗ ಯಾರೂ ಕಂಡಿದ್ದಿಲ್ಲ."

"ನನಗ ಒಂದು ಮಾತು ಹೇಳಬಾರದಿತ್ತೇನ್ರಿ?"

"ಹೇಳಿದ್ರ ಮಾಳಿಗಿ ಹತ್ತಬ್ಯಾಡ್ರಿ ಅಂತಿದ್ದಿ. ಎರಡು ವರ್ಷದಿಂದ ಅದೊಂದೇ ಹಾಡು ನಿಂದು. ಈಗ ಮ್ಯಾಲ ಕಾಗಿ ಕಾಯಲಾಕ ಯಾರು ಕೂಡ್ತಾರ? ಹಾಸಿ, ಇಟ್ಟು, ಓಡಿ ಕೆಳಗ ಬರ್ತೀವಿ. ಮ್ಯಾಲ ಬೆಂಕಿ, ಕೆಳಗ ತಂಪು. ಇಂಥಾ ಸುಖ ನಮ್ಮ ಅತ್ತಿಗಿ ಎಲ್ಲಿತ್ತು?"

ಜಗದೇವಿಗೆ ನಗು, ಸಿಟ್ಟು, ಅಳು ಮೂರೂ ಒಟ್ಟಿಗೇ ಬಂದವು, ಗೆದ್ದದ್ದು ಸಿಟ್ಟು. "ಈ ಕಂಬಳಿಯಿಂದ ಎರಡು ಸಲ ಮೂವತ್ತೊಂದು ದಾಟೇದ. ಇನ್ನೊಂದು ಸಲ ಆದ್ರ ಹಾಸು ಬಿಚ್ಚಿಕೊಂಡು ಹೋಗ್ತಾರ! ಎರಡು ವರ್ಷದ ಹಿಂದ ಮಾಳಿಗಿ ಮ್ಯಾಲ ಬಿದ್ದದ್ದು ನೆನಪಿಲ್ಲೇನ್ರಿ ನಿಮಗ? ಒಂದು ಸಂಡಿಗಿ ಸಲುವಾಗಿ ಜೀವ ಕೊಡಬೇಕೇನ್ರಿ?"

ಮೂಲೆಯಲ್ಲಿ ಹಿಟ್ಟು ನಾದುತ್ತಿದ್ದ ಐವತ್ತೆಂಟನೇ ಮನೆಯ ಜೈತುನಬಿ ಬಾಯಿ ಬಿಟ್ಟಳು. "ಆಕಿಗಿ ಬೈಯಬ್ಯಾಡ ಬೇಟಿ. ಅವತ್ತು ಆಕಿ ಬಿದ್ದದ್ದು ನಮ್ಮ ಮಾಳಿಗಿ ಮ್ಯಾಲ. ನಿನ್ನ ಪಾಲಿನ ಹಪ್ಪಳ ಹರವಲಾಕತ್ತಿದ್ಳು."

"ನನ್ನ ಪಾಲಿಂದು?"

"ಮನಿಯಾಗ ಎಷ್ಟು ಹೆಣ್ಣಾಳು ಅದಾರ, ಅಷ್ಟೂ ಆಳಿನ ಕೆಲಸ ಮುಯ್ಯಿಗೆ ಬರಬೇಕು. ನೀ ನೌಕರಿಗಿ ಹೋಗ್ತಿ. ಎಂಟು ವರ್ಷದಿಂದ ಇಬ್ಬರ ಕೆಲಸ ಇಕಿ ಒಬ್ಬಾಕಿನೇ ಮಾಡ್ತಾಳ. ಮುಂಜಾನಿ ತನ್ನ ಪಾಲು, ಮಧ್ಯಾಹ್ನ ನಿನ್ನ ಪಾಲು."

"ಸುಮ್ನಿರ ಜೈತುನಿ, ಹಿಟ್ಟು ಗಟ್ಟಿ ಆಗ್ಲಾಕತ್ತದ ನೋಡು" ಎಂದಳು ಕಾಶಮ್ಮ.

ಜಗದೇವಿ ಅತ್ತೆಯ ಕಡೆ ಒಂದು ಹೆಜ್ಜೆ ಇಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಗುಂಡೇರಾಯರು.

"ಜಗದೇವಿಯವರ, ಐವತ್ತೆಂಟನೇ ಮನಿ ಮೂವತ್ತು ಪಾಯಿಂಟ್ ಆರು! ಟಾಕಿಯಾಗ ತಣ್ಣೀರು ಖಾಲಿ. ಹತ್ತು ನಿಮಿಷಕ್ಕೊಂದು ಪಾಯಿಂಟ್ ಏರ್ಲಾಕತ್ತದ. ಮೂರನೇದು ಇದೇ ನೋಡ್ರಿ."

ಜೈತುನಬಿಯ ಮನೆ. ನಿನ್ನೆ ಅವರ ಪಾಳಿ ಆಗಿತ್ತು. ನಿನ್ನೆಯ ಕಂಬಳಿಯ ಕಾವು ಇವತ್ತು ಲೆಕ್ಕ ಕೇಳುತ್ತಿತ್ತು. ಇನ್ನು ನಲವತ್ತು ನಿಮಿಷ. ಆ ಮಾಳಿಗೆಯ ಹಾಸಿನ ಮೇಲೆ ಈಗ ಕಂಬಳಿ ಇಲ್ಲದಿದ್ದರೂ ನಲವತ್ತು ನಿಮಿಷದಲ್ಲಿ ಟಾಕಿ ತಣಿಯದು. ಬೇರೆ ಟಾಕಿಗಳಲ್ಲಿ ತಣ್ಣೀರಿತ್ತು, ನಿಜ. ಮನೆಯಿಂದ ಮನೆಗೆ ಒಂದು ಕೊಳವೆಯೂ ಇತ್ತು, ರಿಪೇರಿಗೆಂದು ಇಟ್ಟದ್ದು. ಆದರೆ ನಡುವಿನ ವಾಲ್ವುಗಳಿಗೆಲ್ಲ ತಂತಿಯ ಸೀಲು. ಪ್ರತಿ ಮನೆಯ ಫಲಿತಾಂಶ ಬೇರೆಬೇರೆ ಇರಬೇಕೆಂದು ಮೇಲಿನ ಕಚೇರಿಯವರೇ ಹಾಕಿಸಿದ್ದು. ತೆಗೆಯಲು ಲಿಖಿತ ಅನುಮತಿ ಬೇಕು, ಅದು ಬರಲು ಎರಡು ದಿನ ಬೇಕು. ಅನುಮತಿಯಿಲ್ಲದೆ ತೆಗೆದವರ ನೌಕರಿಗೆ ಸಂಚಕಾರ.

ಅವಳು ಇದನ್ನೆಲ್ಲ ಹೆಂಗಸರಿಗೆ ಗಡಿಬಿಡಿಯಲ್ಲಿ ವಿವರಿಸಿದಳು. ಕಾಶಮ್ಮ ಅರ್ಧದಲ್ಲೇ ತಡೆದಳು.

"ಅಂದ್ರ ನಮ್ಮ ಮನಿ ತಂಪು ಜೈತುನಿ ಮನಿಗಿ ಹೋಗಬಹುದು. ಯಾರೋ ಕೀಲಿ ಹಾಕ್ಯಾರ. ಅಷ್ಟೇ ಹೌದಲ್ಲ?"

"ಅಷ್ಟೇರಿ."

"ಆಕಿ ಮುಂಜಾನಿಂದ ನಮ್ಮ ಮನಿ ಹಿಟ್ಟು ನಾದ್ಲಾಕತ್ತಾಳ. ಆಕಿ ಮನಿ ಕಾಯ್ದ್ರ ನಾವು ಶಾಲು ಹೊತ್ಕೊಂಡು ಕೂಡಬೇಕೇನು?"

ಜಗದೇವಿ ಒಂದು ಕ್ಷಣ ನೌಕರಿಯನ್ನು ನೆನೆದಳು. ಆಮೇಲೆ ಎಂಟು ವರ್ಷದ ಮಧ್ಯಾಹ್ನಗಳನ್ನು ನೆನೆದಳು. "ಅತ್ತಿ, ನಿಮ್ಮ ಅಡಕತ್ತರಿ ಕೊಡ್ರಿ" ಎಂದಳು.

ಮೊದಲ ಸೀಲನ್ನು ಅವಳೇ ಕತ್ತರಿಸಿದಳು. ಆದರೆ ಒಂದು ಮನೆಯ ತಂಪಿನಿಂದ ಆಗುವಂಥದ್ದಲ್ಲ. ಒಂದೇ ಟಾಕಿಯನ್ನು ಬಸಿದರೆ ಆ ಮನೆಯೇ ಕಾಯುತ್ತದೆ. ನಲವತ್ತೊಂದರಿಂದ ಐವತ್ತೆಂಟರವರೆಗೆ ಸಾಲಿನ ಮನೆಗಳೆಲ್ಲ ಸ್ವಲ್ಪಸ್ವಲ್ಪ ಕೊಡಬೇಕು. ಮುಂದಿನ ಕೆಲಸ ಎಂಜಿನಿಯರಿಂಗ್ ಅಲ್ಲ, ಬರೀ ಗಂಟಲಿನದು. ಹದಿನಾರು ಹೆಂಗಸರು ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು, ಸೊಂಟಕ್ಕೆ ಸೆರಗು ಬಿಗಿದು, ಅಡಕತ್ತರಿಯೋ ಇಕ್ಕಳವೋ ಸಿಕ್ಕಿದ್ದನ್ನು ಹಿಡಿದು ಸಾಲಿನ ಒಂದೊಂದು ಮಾಳಿಗೆಗೆ ಓಡಿದರು. ಮಾಳಿಗೆಯಿಂದ ಮಾಳಿಗೆಗೆ ಕೂಗು ಹಾರಿತು.

"ಕಾಲು ಸುತ್ತು! ಕಾಲೇ ಸುತ್ತು ತಿರುವ್ರಿ!" ಎಂದು ಜಗದೇವಿ ಚೀರಿದಳು.

"ಕಾಲು ಸುತ್ತು ಅಂದ್ರ ಎಷ್ಟು?" ಎಂದು ಮೂರನೇ ಮಾಳಿಗೆಯಿಂದ ಗುರುಬಾಯಿ.

"ಶಾವಿಗಿ ಎಳಿ ಹೊಸಿಯೋವಾಗ ಅಂಗೈ ಎಷ್ಟು ಸರೀತದ, ಅಷ್ಟು!" ಎಂದು ಕಾಶಮ್ಮ ಕೆಳಗಿನ ಅಂಗಳದಿಂದಲೇ ಕೂಗಿದಳು. ಸೊಸೆಯ ಹಾಡಿಗೆ ಮರ್ಯಾದೆ ಕೊಟ್ಟು ಮಾಳಿಗೆ ಹತ್ತಿರಲಿಲ್ಲ. ಆ ಅಳತೆ ಎಲ್ಲರಿಗೂ ತಿಳಿಯಿತು. ಎಂಜಿನಿಯರ್ ತಿಂಗಳು ತರಬೇತಿ ಕೊಟ್ಟರೂ ಅಷ್ಟು ಒಂದೇ ಸಮ ಯಾರೂ ತಿರುಗಿಸುತ್ತಿರಲಿಲ್ಲ.

ಫೋನು ಇಡದೆ ಎಲ್ಲವನ್ನೂ ಕೇಳಿಸಿಕೊಂಡಿದ್ದ ಗುಂಡೇರಾಯರು ಈಗ ಕ್ರಿಕೆಟ್ ಕಾಮೆಂಟರಿ ಶುರು ಹಚ್ಚಿದ್ದರು. "ಮೂವತ್ತು ಪಾಯಿಂಟ್ ಎಂಟು... ಇನ್ನೂ ಏರ್ಲಾಕತ್ತದ... ಪಾಯಿಂಟ್ ಒಂಬತ್ತು... ಅಯ್ಯೋ ದೇವರೇ... ಒಂಬತ್ತೇ ಅದ... ಒಂಬತ್ತೇ ಅದ..." ಹನ್ನೊಂದು ನಿಮಿಷ ಅಲ್ಲೇ ನಿಂತಿತು. ಜಗದೇವಿಯ ಅಂಗಾಲು ಚಪ್ಪಲಿಯೊಳಗೂ ಸುಡುತ್ತಿತ್ತು. ಐವತ್ತೆಂಟರ ಮಾಳಿಗೆಯಲ್ಲಿ ಜೈತುನಬಿ ವಾಲ್ವಿನ ಮೇಲೆ ಕೈಯಿಟ್ಟು ತುಟಿ ಅಲುಗಿಸುತ್ತಾ ನಿಂತಿದ್ದಳು.

"ಎಂಟು! ಇಳೀತ್ರಿ! ಪಾಯಿಂಟ್ ಎಂಟು!" ಗುಂಡೇರಾಯರ ದನಿ ಒಡೆದಿತ್ತು. "ಜಗದೇವಿಯವರ, ಇಲ್ಲೊಂದು ಚಮತ್ಕಾರ ಆಗೇದ. ಆ ಸಾಲಿನ ಎಲ್ಲಾ ಚೌಕ ಒಂದೇ ನೀಲಿ ಆಗ್ಯಾವ. ಕಂಬಳಿ... ಅಲ್ಲ, ಚರ್ಮರೋಗದ ಮನಿನೂ!"

ಸುದ್ದಿ ಮಾಳಿಗೆಯಿಂದ ಮಾಳಿಗೆಗೆ ಹೋಯಿತು. ಐವತ್ತೊಂದು ಡಿಗ್ರಿ ಬಿಸಿಲಿನಲ್ಲಿ ಹದಿನಾರು ಹೆಂಗಸರು ಚಪ್ಪಾಳೆ ತಟ್ಟಿದ್ದನ್ನು ಕಲಬುರಗಿ ಅದೇ ಮೊದಲು ಕೇಳಿತು.

ಸಂಜೆ ಗುಂಡೇರಾಯರು ವರದಿಯ ಕರಡು ತಂದರು. ಹಾಸಿನ ಚರ್ಮರೋಗ ತಾನಾಗಿ ವಾಸಿಯಾಯಿತು ಎಂದು ಎರಡು ಪುಟ ಬರೆದಿದ್ದರು. ಪಾಪ, ಅವಳನ್ನು ಉಳಿಸುವ ಉದ್ದೇಶವೇ. ಜಗದೇವಿ ಅದನ್ನು ಮಡಿಚಿಟ್ಟು ನಡೆದದ್ದನ್ನು ನಡೆದಂತೆ ಬರೆದಳು. ಕಂಬಳಿ, ಪಟ್ಟಿ, ಅಡಕತ್ತರಿ, ಹದಿನೇಳು ಸೀಲು. ಮೊದಲನೆಯದನ್ನು ಕತ್ತರಿಸಿದವಳು ನಾನು. ಕೊನೆಗೊಂದು ಸಾಲು: ಒಂಟಿ ಮನೆಯ ತಂಪಿಗೆ ಒಂದು ದಿನದ ಕಂಬಳಿ ತಡೆಯುವ ಶಕ್ತಿಯಿಲ್ಲ, ಕೂಡಿದ ಮನೆಗಳಿಗೆ ಇದೆ.

ಉತ್ತರ ಬರಲು ನಾಲ್ಕು ದಿನ ಹಿಡಿಯಿತು. ಪತ್ರದ ಮೊದಲ ಅರ್ಧದಲ್ಲಿ ಶಿಸ್ತು, ನಿಯಮ, ಎಚ್ಚರಿಕೆ ಎಲ್ಲ ಇದ್ದವು. ಎರಡನೇ ಅರ್ಧದಲ್ಲಿ, ಉಳಿದ ಸೀಲುಗಳನ್ನೂ ತೆಗೆಯತಕ್ಕದ್ದು, ದಿನಕ್ಕೆ ಆರು ಮಾಳಿಗೆಗಳನ್ನು ಸ್ಥಳೀಯ ಪದ್ಧತಿಗೆ ಬಿಟ್ಟುಕೊಡತಕ್ಕದ್ದು, ಕೂಡಿದ ಮನೆಗಳು ಮೂರನೇ ಸಲ ದಾಟಗೊಡದ ಕಾರಣ ಹಾಸು ಹತ್ತಿ ಗಿರಣಿ ಓಣಿಯಲ್ಲೇ ಕಾಯಂ ಎಂದಿತ್ತು. ಗುಂಡೇರಾಯರು ಅದನ್ನು ಗಟ್ಟಿಯಾಗಿ ಎರಡು ಸಲ ಓದಿದರು. ಜಗದೇವಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಗದ್ದಲದಲ್ಲಿ ನಿಂತುಹೋಗಿದ್ದ ಪಾಳಿ ಮತ್ತೆ ಶುರುವಾಯಿತು. ಕೊನೆಯ ದಿನ ಜಗದೇವಿ ರಜೆ ಹಾಕಿ ಅತ್ತೆಯ ಜೊತೆ ಪಾಳಿಯ ಮನೆಗೆ ಹೋದಳು. ಶಾವಿಗೆ ಮಣೆಯ ಮುಂದೆ ಕೂರಿಸಿದರು. ಅವಳ ಎಳೆ ಮೊಳದುದ್ದ ಬರುವಷ್ಟರಲ್ಲಿ ತುಂಡಾಗುತ್ತಿತ್ತು, ಬಂದದ್ದೂ ಹಗ್ಗದಷ್ಟು ದಪ್ಪ. "ಇದು ಶಾವಿಗೆ ಅಲ್ಲ, ಎಮ್ಮಿ ಕಟ್ಟಲಾಕ ಆಗ್ತದ" ಎಂದು ಗುರುಬಾಯಿ ಎತ್ತಿ ತೋರಿಸಿದಳು. ಪಡಸಾಲೆಯೆಲ್ಲ ನಕ್ಕಿತು. ಜಗದೇವಿಯೂ ನಕ್ಕಳು, ಮತ್ತೆ ಹಿಟ್ಟು ತೆಗೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಭುಜ ಬಿದ್ದುಹೋಗುವಂತಾಗಿತ್ತು. ಅತ್ತೆ ಇದನ್ನು ವರ್ಷಾ ವರ್ಷಾ ಎರಡೆರಡು ಪಾಲು ಮಾಡುತ್ತಿದ್ದಳು ಎಂಬುದು ಈಗ ಮೈಗೇ ತಿಳಿಯಿತು.

ಅವಳು ಮಣೆಯ ಮೇಲೆ ಬಾಗಿ, ಬೇರೆಯವರಿಗೆ ಕೇಳದಂತೆ, "ಅತ್ತಿ, ಎಂಟು ವರ್ಷದ್ದು ನಾ ಹ್ಯಾಂಗ ತೀರಿಸಲಿ?" ಎಂದಳು.

ಕಾಶಮ್ಮನ ಕಿವಿಗಿಂತ ಜೈತುನಬಿಯ ಕಿವಿ ಚುರುಕು. "ಅವತ್ತೇ ತೀರ್ತು ಬೇಟಿ" ಎಂದಳು. "ನೌಕರಿ ಲೆಕ್ಕ ಮಾಡಲಾರದ ನಮ್ಮ ಮನಿ ತಂಪು ಮಾಡಿದಿ. ನಿನ್ನ ಮುಯ್ಯಿ ಪೂರಾ ತೀರ್ತು."

ಕಾಶಮ್ಮ ಹೊಸೆಯುತ್ತಿದ್ದ ಕೈ ನಿಲ್ಲಿಸಿ ಗದರಿದಳು. "ತೀರ್ತು ಗೀರ್ತು ಅನ್ನಬ್ಯಾಡ! ಪೂರಾ ತೀರಿಬಿಟ್ರ, ಮುಂದಿನ ಬ್ಯಾಸಗಿಗೆ ಇಕಿ ನಿಮ್ಮ ಮನಿಗಿ ಯಾಕ ಬರ್ತಾಳ, ನೀವು ನಮ್ಮ ಮನಿಗಿ ಯಾಕ ಬರಬೇಕು? ಸ್ವಲ್ಪ ಬಾಕಿ ಇರ್ಲಿ."

ಜಗದೇವಿ ಮತ್ತೊಂದು ಉಂಡೆ ಹಿಟ್ಟು ಮುರಿದುಕೊಂಡಳು.